ಸಮಪಾಲಿನ ಸಾಗವಾನಿ

ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ಮಾಳಿಗೆಯ ತೊಲೆ ಬಾಗಿತ್ತು. ಅದಕ್ಕೆ ಸರಿಯಾಗಿ ನಡುವೆ ಒಂದು ಜಾಲಿಯ ಕಂಬದ ಆಸರೆ ಕೊಟ್ಟಿದ್ದರು. ಅವ್ವ ಹಾಸಿಗೆ ಹಾಸುವುದು, ಬಂದವರಿಗೆ ಊಟಕ್ಕಿಡುವುದು, ಎಲ್ಲ ಆ ಕಂಬವನ್ನು ಬಳಸಿಕೊಂಡೇ.

“ಈ ಪೀಡಾ ಒಂದು ತೆಗಸ್ರಿ, ಮತ್ತೇನೂ ಕೇಳಂಗಿಲ್ಲ,” ಎಂದು ಅಪ್ಪನಿಗೆ ಹೇಳುತ್ತಲೇ ಇದ್ದಳು.

ಹೊಸ ತೊಲೆಗೆಂದು ಅಪ್ಪ, ಕಾಕಾ ಕೂಡಿ ಸಾಗವಾನಿ ಕಡಿಸಲು ಹೊರಟರು. ದುಬಲಗುಂಡಿ ದಾರಿಯ ನಮ್ಮ ಹೊಲದಲ್ಲಿ ಅಜ್ಜ ಹಚ್ಚಿದ ಮರಗಳು ಇಬ್ಬರಿಗೂ ಸೇರಿದ್ದವು. ನಾನು ಹೈದರಾಬಾದಿನಲ್ಲಿ ಓದು ಮುಗಿಸಿ ಬಂದಿದ್ದೆ. ಅರವತ್ತರ ದಶಕದ ಆರಂಭವಿರಬೇಕು. ವರ್ಷಗಳ ವಿಷಯದಲ್ಲಿ ನನ್ನ ತಲೆಯನ್ನು ನಂಬುವಂತಿಲ್ಲ.

ಹುಳ ಹಿಡಿಯಬಾರದೆಂದು ಕೃಷ್ಣಪಕ್ಷ ಬರುವವರೆಗೆ ಕಾದರು. ಚಂದ್ರನ ಮೇಲೆ ಇಷ್ಟು ನಿಗಾ ಇಟ್ಟ ಮಹನೀಯರು ಪಡಸಾಲೆಯ ಅಗಲಕ್ಕೆ ಒಂದು ಹಗ್ಗ ಹಿಡಿದು ನೋಡಲಿಲ್ಲ.

ಮರಗಳು ನೆಲಕ್ಕೆ ಬಿದ್ದದ್ದೇ ತಡ, ಜಗಳ ಎದ್ದಿತು.

“ಅಣ್ಣಾ, ಒಬ್ಬೊಬ್ಬರಿಗೆ ಒಂದೊಂದು ಗಿಡಾ ಅಂದ್ರ ಛಲೋ ಇದ್ದದ್ದೆಲ್ಲಾ ನಿನ್ನ ಕಡೀನೇ ಹೋಗ್ತದ,” ಎಂದ ಕಾಕಾ.

“ಹಂಗಾದ್ರ ಪ್ರತಿ ಗಿಡದಾಗೂ ಅರ್ಧಾ ಅರ್ಧಾ. ಆತಿಲ್ಲೋ?” ಎಂದ ಅಪ್ಪ.

ನಮ್ಮವರ ಪದ್ಧತಿಯೇ ಅದು. ಹೊಲ ಹಂಚುವಾಗಲೂ ಪ್ರತಿ ಹೊಲವನ್ನು ಸೀಳಿ, ಎತ್ತು ತಿರುಗಲೂ ಜಾಗವಿಲ್ಲದಂತೆ ಮಾಡಿ, ನ್ಯಾಯವಾಯಿತೆಂದು ಮೀಸೆ ತೀಡುವ ಜನ. ಈಗ ಒಂದೊಂದು ಮರವನ್ನೂ ನಡುವೆ ಕತ್ತರಿಸಿದರು. ಈ ಮರದ ಬುಡ ನನಗೆ, ತುದಿ ನಿನಗೆ, ಮುಂದಿನದರಲ್ಲಿ ಅದಲುಬದಲು.

“ಮೊದ್ಲ ತೊಲಿ ಎಷ್ಟುದ್ದ ಬೇಕು ನೋಡ್ರಿ,” ಎಂದೆ ನಾನು.

“ಏ ಎಂ.ಎ. ಸಾಹೇಬಾ, ಹೈದರಾಬಾದಿನ್ಯಾಗ ಗಿಡಾ ಕಡ್ಯಾದೂ ಕಲಸ್ತಾರೇನು?” ಎಂದ ಕಾಕಾ. ಅಪ್ಪನೂ ನಕ್ಕ.

ಹಾಗೆ ನಿಜಕ್ಕೂ ಅಂದೆನೋ ಇಲ್ಲವೋ. ನನ್ನ ನೆನಪಿನಲ್ಲಿ ಬುದ್ಧಿಯ ಮಾತೆಲ್ಲ ಯಾವಾಗಲೂ ನನ್ನದೇ ಆಗಿರುತ್ತದೆ. ಅನುಮಾನಕ್ಕೆ ಅಷ್ಟು ಸಾಕು. ಅವರ ಹೆಡ್ಡತನಕ್ಕೆ ಮಾತ್ರ ನನ್ನ ನೆನಪಿನ ಸಾಕ್ಷಿ ಬೇಕಿಲ್ಲ.

ಹುಮನಾಬಾದಿನಲ್ಲಿ ಕಟ್ಟಿಗೆ ಕೊಯ್ಯುವ ಮಷಿನ್ನಿನವನು ಬಂಡಿ ನೋಡಿ ಹಲ್ಲು ಕಿರಿದ: “ಇದೇನ್ ಕಬ್ಬೇನ್ರಿ ಸಾವ್ಕಾರ್ರ, ಹಿಂಗ ತುಂಡು ತುಂಡು ಮಾಡೀರಿ?”

ಗೋಡೆಯಿಂದ ಗೋಡೆಗೆ ಮುಟ್ಟುವ ತೊಲೆ ಯಾರ ಪಾಲಿಗೂ ಉಳಿದಿರಲಿಲ್ಲ. ಅಪ್ಪ ತನ್ನ ಪಾಲಿನ ಎರಡು ತುಂಡುಗಳನ್ನು ಜೋಡಿಸಿ ಮಾಳಿಗೆಗೆ ಏರಿಸಿದ. ಜೋಡಣೆಯ ಕೆಳಗೆ ಆಸರೆ ಬೇಕಲ್ಲ? ಜಾಲಿಯ ಕಂಬ ಕಿತ್ತು, ಅದೇ ಜಾಗದಲ್ಲಿ ಸಾಗವಾನಿಯ ಕಂಬ ನೆಟ್ಟರು. ಮೊದಲಿನದಕ್ಕಿಂತ ದಪ್ಪನೆಯದು.

ಆ ದಿನ ಅವ್ವ ಊಟಕ್ಕೆ ಕಂಬದ ಆಚೆಗೊಂದು, ಈಚೆಗೊಂದು ಮಣೆ ಹಾಕಿದಳು. “ಅಣ್ಣಾ ತಮ್ಮಾ ಸಮಾ ಪಾಲು ಕೂಡ್ರಿ. ಒಬ್ರು ಆ ಕಡಿ, ಒಬ್ರು ಈ ಕಡಿ.”

ಇಬ್ಬರೂ ಮೆಚ್ಚಿ ನಕ್ಕು ಕೂತರು. ಅವ್ವ ನಗಲಿಲ್ಲ. ಕಂಬ ಬಳಸಿಕೊಂಡು ಬಂದು ಮೊದಲು ಒಬ್ಬನಿಗೆ, ಮತ್ತೆ ಬಳಸಿಕೊಂಡು ಹೋಗಿ ಇನ್ನೊಬ್ಬನಿಗೆ ಬಡಿಸಿದಳು.