ಗುಡ್ಡದ ಮೇಲೆ ಬಿಟ್ಟುಬಂದ ಖಾಲಿ ಪಾಕೀಟು

“ಕಾಕಾರ, ಹೋಗುವಾಗ ಆರು ಪ್ಲಾಸ್ಟಿಕ್ ಬರಸೀರಿ, ಐದ ವಾಪಸ್ ಬಂದಾವು. ಗುಳಿಗಿ ಪಾಕೀಟ ಎಲ್ರಿ?”

ಹಿಡಕಲ್ ಜಲಾಶಯದ ಪಕ್ಕದ ಗುಡ್ಡದಲ್ಲಿರುವ ಸಂರಕ್ಷಿತ ಉದ್ಯಾನದ ಗೇಟಿನಲ್ಲಿ, ಒಳಗೊಯ್ಯುವ ಪ್ಲಾಸ್ಟಿಕ್ಕನ್ನೆಲ್ಲ ಎಣಿಸಿ ಬರೆದಿಡುವ ಕಾವಲುಗಾರ್ತಿ, ವಾಪಸ್ ಹೊರಟ ನನ್ನನ್ನು ತಡೆದಳು. ಎಲ್ಲಿಗೆ ಹೋದರೂ ಅರ್ಧ ಔಷಧಿ ಅಂಗಡಿ ಹೊತ್ತೊಯ್ಯುವ ಪುಕ್ಕಲ ನಾನು. ಗುಡ್ಡದ ತುದಿಯಲ್ಲಿ ಕೊನೆಯ ಗುಳಿಗೆ ನುಂಗಿ ಪಾಕೀಟನ್ನು ಅಲ್ಲೇ ಬಿಟ್ಟಿದ್ದೆ.

“ಮೊಣಕಾಲ ಬ್ಯಾನಿ ಐತಿ ತಂಗಿ. ಖಾಲಿ ಪಾಕೀಟ ಅದು, ಬಿಡವಾ.”

“ಅದು ಜಿಂಕಿ ಹೊಟ್ಟ್ಯಾಗ ಹೋದ್ರ? ನಡೀರಿ, ನಾನೂ ಬರ್ತೇನಿ” ಎಂದವಳೇ ತನ್ನ ಕೋಲನ್ನು ನನ್ನ ಕೈಗಿಟ್ಟು ಮುಂದೆ ನಡೆದಳು.

ತುದಿಯ ಕಲ್ಲುಬೆಂಚಿನ ಕೆಳಗೆ ಪಾಕೀಟು ಸಿಕ್ಕಿತು. ಅದರ ಒಂದು ಮೂಲೆಯನ್ನು ಯಾವುದೋ ಪ್ರಾಣಿ ಆಗಲೇ ಅಗಿದಿತ್ತು.

ಈಗ ಎಲ್ಲಿಗೆ ಹೋದರೂ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೊರಡುತ್ತೇನೆ. ನನ್ನ ನೂರೆಂಟು ಚಿಂತೆಗಳಿಗೆ ಜಿಂಕೆಯದೂ ಸೇರಿದೆ. ಅದೊಂದಕ್ಕೆ ಮಾತ್ರ ನನ್ನ ಕೈಯಲ್ಲಿ ಪರಿಹಾರವಿದೆ.