ಎತ್ತಿಕೊಳ್ಳೋರು ಯಾರ್ರಿ?

ಬನವಾಸಿಯ ಸಭಾಭವನದಲ್ಲಿ, ವೇದಿಕೆಯ ಎಡಗಡೆ ಮೆಟ್ಟಿಲ ಬಳಿ, ಆಂಪ್ಲಿಫೈಯರಿನ ಗುಂಡಿಯ ಮೇಲೆ ಕೈಯಿಟ್ಟು ನಾನು ನಿಂತಿದ್ದೆ. ಮಹಿಳಾ ಮಂಡಳದ ಕಾರ್ಯಕ್ರಮ, ಊಟಕ್ಕೆ ಎಲೆ ಹಾಕುವ ಹೊತ್ತು. ಭಾಷಣಕ್ಕೆ ಬಂದಿದ್ದ ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮೈಕ್ ಸ್ಟ್ಯಾಂಡನ್ನು ತಮ್ಮ ಗಲ್ಲದ ಮಟ್ಟಕ್ಕೆ ಇಳಿಸಿದರು. ಬಹಳ ಗಿಡ್ಡ ಹೆಂಗಸು. ಒಮ್ಮೆ ನನ್ನ ಮೈಕು ಅವರಿಗೆ ಶಾಕ್ ಹೊಡೆದಿತ್ತು. ಆಮೇಲೆ ಬರಿಗೈಯಲ್ಲಿ ಮುಟ್ಟಿದವರಲ್ಲ.

"ಸಾಹೇಬ್ರೇ, ಇವತ್ತು ಹೊಡೀತದ್ಯಾ?"

"ಇಲ್ಲ ಅಕ್ಕೋರೇ, ಸರಿ ಮಾಡಿದೀನಿ."

"ಹಾಗಾದ್ರೆ ಹೊಡೆಯೋ ಕೆಲಸ ನಂದೇ."

ಶಿರಸಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಅಕ್ಕೋರು ನಿವೃತ್ತ ಶಾಲಾ ಶಿಕ್ಷಕಿ. ಗರ್ಭ ತೆಗೆಸಬೇಡಿ ಎಂದು ಹೇಳಲು ಯಲ್ಲಾಪುರ, ಸಿದ್ದಾಪುರ, ಎಲ್ಲಿ ಕರೆದರೂ ಹೋಗುತ್ತಿದ್ದರು. ಬೇರೆ ಭಾಷಣಗಳಿಗೆ ನಾನು ಹೊರಗೆ ಹೋಗಿ ಚಹಾ ಕುಡಿಯುತ್ತಿದ್ದೆ. ಅವರದಕ್ಕೆ ಮಾತ್ರ ನಿಲ್ಲುತ್ತಿದ್ದೆ, ಕುತೂಹಲಕ್ಕೆ. ಅವರು ಪಾಪ, ನರಕ ಎಂದವರಲ್ಲ. "ಮೂರು ತಿಂಗಳು ಯಾರಿಗೂ ಹೇಳ್ಬೇಡ ಅಂತೀರಿ. ಏಳನೇ ತಿಂಗಳಿಗೆ ಬಳೆ, ಬಯಕೆ ಊಟ ಅಂತ ಬರ್ತೀರಿ. ಬೇಕೋ ಬೇಡ್ವೋ ಅಂತ ಅವಳು ಒಬ್ಬಳೇ ಒದ್ದಾಡುವಾಗ ಎಲ್ಲಿರ್ತೀರಿ?" ಎಂದು ಕೇಳುತ್ತಿದ್ದರು. ಕೊನೆಯ ಮಾತು ಯಾವಾಗಲೂ ಒಂದೇ. "ಹೊಟ್ಟೆಗೆ ಬಂದದ್ದು ಮನೆಗೆ ಬಂದ ಹಾಗೇ ಅಲ್ದನೇ? ಚಪ್ಪಲಿ ಬಿಚ್ಚಿ ಒಳಗೆ ಬಂದವರಿಗೆ ಹೋಗು ಅಂತೀರಾ?"

ಅಂದು ಆ ಮಾತಿಗೆ ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಸೊಂಟದ ಮೇಲೆ ಕೂಸು.

"ಅಕ್ಕೋರ, ನನಗ ಈಗ ಎರಡು ತಿಂಗಳ್ರಿ. ನಾಳೆ ಆಸ್ಪತ್ರೆಗೆ ಹೊಂಟೇನಿ. ಇದು ಇನ್ನೂ ನಡಿಯಂಗಿಲ್ಲ, ಅತ್ತಿ ಹಾಸಿಗಿ ಹಿಡದಾರ, ಗಂಡ ಲಾರಿ ಮ್ಯಾಲ. ಮನಿಗೆ ಬಂದವರನ್ನ ಎತ್ತಿಕೊಳ್ಳೋರು ಯಾರ್ರಿ? ನೀವ್ ಬರ್ತೀರೇನು?"

ಗಡಿಬಿಡಿಯಲ್ಲಿ ಗುಂಡಿ ತಿರುವಿದೆ, ಮೈಕು ಕಿರುಚಿತು. ಅಧ್ಯಕ್ಷೆ ನನ್ನತ್ತ ಬಾಗಿ, "ಬಂದ್ ಮಾಡ್ರೋ, ಊಟಕ್ಕೆ ಹೊತ್ತಾತು" ಎಂದರು.

"ಇರಿ," ಎಂದರು ಅಕ್ಕೋರು. ಸ್ಟ್ಯಾಂಡ್ ಹಿಡಿದು ಪಕ್ಕಕ್ಕೆ ಸರಿಸಿದರು. ಆಗ ಕಂಡೆ: ಸೆರಗು ಜಾರಿತ್ತು, ಹಿಡಿದದ್ದು ಬರಿಗೈಯಲ್ಲಿ. ಆಮೇಲೆ, "ಇದನ್ನ ನಾನು ಯೋಚನೆ ಮಾಡಿರ್ಲಿಲ್ಲ, ತಂಗಿ" ಎಂದರು. ಮೆಟ್ಟಿಲಿಳಿದು ನೇರವಾಗಿ ಅವಳ ಬಳಿ ಹೋಗಿ ಕೂಸಿಗೆ ಕೈ ಚಾಚಿದರು. ಅದು ಅತ್ತಿತು. ಅಳುವ ಕೂಸನ್ನೇ ಎತ್ತಿಕೊಂಡರು.

ಅಕ್ಕೋರು ಊಟಕ್ಕೆ ಕೂರಲಿಲ್ಲ. ಇಬ್ಬರನ್ನೂ ನನ್ನ ವ್ಯಾನಿನಲ್ಲಿ ಅವಳ ಮನೆಗೆ ಬಿಟ್ಟೆ. ಬಾಗಿಲಲ್ಲಿ ಅಕ್ಕೋರು ಹೇಳಿದ್ದು ನನಗೆ ಕೇಳಿಸಿತು: "ಆಸ್ಪತ್ರೆಗೆ ಹೋಗೋದು ಬಿಡೋದು ನಿಂದು. ನಾನಂತೂ ಇರ್ತೆ."

ಅವಳು ಹೋಗಲಿಲ್ಲ. ಹೆರಿಗೆಯಾಗಿ ಆ ಹೆಣ್ಣು ಕೂಸು ಎದ್ದು ಕೂರುವವರೆಗೂ ಅಕ್ಕೋರು ಅಲ್ಲೇ ಉಳಿದರು. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕಂಡರು. "ಸಾಹೇಬ್ರೇ, ಇಲ್ಲಿಗೆ ಮೈಕು ಬೇಡ. ಹಾಸಿಗೆ ಹಿಡಿದ ಮುದುಕಿ ಬೈಯೋದು ಊರಿಗೇ ಕೇಳ್ತದೆ!"

ಆಮೇಲೆಯೂ ಸಭೆಗಳಿಗೆ ಹೋದರು, ಅದನ್ನೇ ಹೇಳಿದರು. ಆದರೆ ಮೊದಲು ಮೈಕನ್ನು ಎದುರು ಕುಳಿತವರಿಗೆ ಕೊಡಿಸುತ್ತಿದ್ದರು. ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದವರ ಮನೆಗೂ ಗಂಜಿ ಕಾಯಿಸಿ ಕೊಡಲು ಹೋಗುತ್ತಿದ್ದರು. ಇದೇಕೆ ಎಂದು ಕೇಳಿದೆ. "ಅಲ್ಲಿ ಇನ್ನೂ ಒಬ್ಬಳು ಇದ್ದಾಳಲ್ರೋ" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಸಂತಾಪ ಸಭೆಗೆ ನಾನೇ ಮೈಕ್ ಇಟ್ಟೆ. ಕೈ ಅಭ್ಯಾಸದಂತೆ ಸ್ಟ್ಯಾಂಡನ್ನು ಅವರ ಎತ್ತರಕ್ಕೇ ಇಳಿಸಿಬಿಟ್ಟಿತ್ತು. ಮಾತನಾಡಲು ಬಂದವರೆಲ್ಲ ಬಗ್ಗಬೇಕಾಯಿತು. ಪ್ರಾರ್ಥನೆ ಹಾಡಲು ಬಂದ ಹುಡುಗಿಗೆ ಮಾತ್ರ ಅದು ಸರಿಯಾಗಿ ಗಲ್ಲದ ಮಟ್ಟಕ್ಕೆ ಬಂತು.

ಅಂದು ಬನವಾಸಿಯಲ್ಲಿ ಅವರು ಮೆಟ್ಟಿಲಿಳಿದದ್ದನ್ನು ಹತ್ತಿರದಿಂದ ಕಂಡವರಲ್ಲಿ, ನನಗೆ ಗೊತ್ತಿದ್ದಂತೆ, ಈ ಸಭೆಗೆ ಬಂದಿದ್ದವರು ನಾನು, ಅಧ್ಯಕ್ಷೆ, ಪ್ರಶ್ನೆ ಕೇಳಿದ ಆ ತಾಯಿ. ಅವಳ ಹೊಟ್ಟೆಯಲ್ಲಿದ್ದು, ಏನನ್ನೂ ಕಾಣದೆ ಅಲ್ಲಿದ್ದವಳು ಇನ್ನೊಬ್ಬಳು. ಪ್ರಾರ್ಥನೆ ಹಾಡಿದ್ದು ಅವಳೇ.