ಸರಿ ಮಾಡಿದವಳೇ ಕೆಡಿಸಿದವಳಂತೆ!

ಗೆಳೆಯರೇ, ಇವತ್ತು ಹುಮನಾಬಾದಿನ ನಮ್ಮ ಕಾಲೇಜಿನಲ್ಲಿ ಏನಾಯಿತು ಕೇಳಿ. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕಾದ ಕೋಣೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದನ್ನು ಕಲಿಸುವವಳು ನಾನು. ಬೆಳಿಗ್ಗೆ ಗುಂಡಿ ಒತ್ತಿದರೆ ಉಸಿರೇ ಇಲ್ಲ.

ಪ್ರಾಂಶುಪಾಲರು ವಿದ್ಯಾರ್ಥಿಗಳೆದುರೇ ಅಂದರು: "ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗ ಆಗೋದು. ಮುಟ್ಟಬ್ಯಾಡ್ರಿ, ಹೈದರಾಬಾದಿನಿಂದ ಇಂಜಿನಿಯರ್ ಬರ್ತಾನ."

ಅವರು ಚಹಾಕ್ಕೆ ಹೋದರು. ನಾನು ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಸಿಕ್ಕಿಸಿದೆ, ತಿರುಗಿತು. ಅಂದರೆ ಕರೆಂಟ್ ಇದೆ. ಕಂಪ್ಯೂಟರಿನ ವೈರ್ ಎಳೆದು ನೋಡಿದರೆ ಇಲಿ ಕಡಿದು ಹಾಕಿದೆ. ಕಪಾಟಿನಲ್ಲಿದ್ದ ಬೇರೆ ವೈರ್ ಹಾಕಿದೆ. ಪರದೆ ಬೆಳಗಿತು, ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು.

ಸಪ್ಪಳಕ್ಕೆ ಪ್ರಾಂಶುಪಾಲರು ಓಡಿ ಬಂದರು. ಕಡಿದ ವೈರ್ ತೋರಿಸಿದರೆ ಕಣ್ಣೆತ್ತಿಯೂ ನೋಡಲಿಲ್ಲ. "ಇಷ್ಟ ಜಲ್ದಿ ಚಾಲೂ ಮಾಡಿದ್ರಿ ಅಂದ್ರ, ಖರಾಬ್ ಮಾಡಿದವ್ರೂ ನೀವ ಇರಬೇಕು!"

ನನಗೆ ಮೈಯೆಲ್ಲ ಉರಿಯಿತು. "ಹಂಗಾರ ಜ್ವರ ಇಳಸೋ ಡಾಕ್ಟರೇ ಜ್ವರ ತರಸ್ತಾರೇನ್ರಿ ಸರ್?" ಎಂದೆ.

ಅವರು ಎಲ್ಲರನ್ನೂ ಹೊರಗೆ ಕಳಿಸಿದರು. ಕೋಣೆಗೆ ಬೀಗ ಜಡಿದು ಕೀಲಿಕೈ ಜೇಬಿಗಿಳಿಸಿದರು. ಬಸವಕಲ್ಯಾಣದ ಮನೆ ಮುಟ್ಟಿದರೂ ನನ್ನ ಸಿಟ್ಟು ಇಳಿದಿಲ್ಲ. ನಾಳೆಯಿಂದ ಆ ಕೋಣೆಗೆ ನನಗೆ ಪ್ರವೇಶವಿಲ್ಲವಂತೆ. ಇಲಿಯ ಮೇಲೆ ಮಾತ್ರ ಅವರದು ಯಾವ ತಕರಾರೂ ಇಲ್ಲ.